ಜಾಲಿಮರದ ಜಗಲಿಯಲ್ಲಿ ಸೀಸ

ಮರುಭೂಮಿಯ ಹಳೆಯ ಗಣಿಯ ಪಕ್ಕ ನಿಂತಿದ್ದ ಜಾಲಿಮರದ ಬೇರಿನೊಳಗೆ ನೀರಿನ ಜೊತೆ ಸೀಸವೂ ನುಗ್ಗಿತು.

“ನಾನು ಸೀಸರಾಯ. ಮೇಲೆ ಎಲೆಗೆ ಹೋಗಬೇಕು, ದಾರಿ ಬಿಡಿ,” ಎಂದಿತು.

ಮೇಲೆ ಜಾಲಿಯ ಎಳೆಯ ಕಾಯಿಗಳಿದ್ದವು. ಸೀಸ ತಗುಲಿದರೆ ಅವು ಉಳಿಯುವುದಿಲ್ಲ. ಒಳಗೆ ಬಂದದ್ದನ್ನು ಹೊರಗೆ ದಬ್ಬುವ ಶಕ್ತಿ ಮರಕ್ಕಿರಲಿಲ್ಲ.

“ಬನ್ನಿ ರಾಯರೇ,” ಎಂದಿತು ಜಾಲಿ. “ಬಂದವರು ಮೊದಲು ಜಗಲಿಯಲ್ಲಿ ಕೂರಬೇಕು. ಈ ಬೇರೇ ನಮ್ಮ ಜಗಲಿ.”

ಸೀಸ ಬೇರಿನ ಗೋಡೆಗೆ ಒರಗಿ ಕೂತಿತು. ಅಷ್ಟರಲ್ಲಿ ಒಂದು ಚೂರು ತಾಮ್ರ ಅದರ ಪಕ್ಕದಿಂದಲೇ ಮೇಲೆ ಹೋಯಿತು.

“ಅವಳನ್ನು ಮಾತ್ರ ಬಿಟ್ಟಿರಲ್ಲ?” ಎಂದು ಸೀಸ ಕೇಳಿತು.

“ತಾಮ್ರಮ್ಮನಿಗೆ ಎಲೆಯಲ್ಲಿ ಅಡುಗೆ ಕೆಲಸವಿದೆ. ನಿಮಗೆ ಅಡುಗೆ ಬರುತ್ತದೆಯೇ?”

“ನಾನು ಕೆಲಸ ಮಾಡುವವನಲ್ಲ. ದೊಡ್ಡ ಮನುಷ್ಯ.”

“ನೋಡಿದರೇ ಗೊತ್ತಾಗುತ್ತದೆ. ಕೂತಿರಿ.”

ಸ್ವಲ್ಪ ಹೊತ್ತಿಗೆ ಸೀಸಕ್ಕೆ ಬೇಸರವಾಯಿತು. “ಕಾದದ್ದು ಸಾಕು. ನಾನು ಮೇಲೇ ಹೋಗಿ ನೋಡುತ್ತೇನೆ.”

“ಊಟದ ಹೊತ್ತಿಗೆ ಎದ್ದು ಹೋಗುವುದುಂಟೇ? ನೆರೆಮರಗಳು ನನ್ನ ಬಗ್ಗೆ ಏನಂದಾವು?”

“ಊಟಕ್ಕೆ ಏನಿದೆ?”

“ನಿಮ್ಮ ಅಂತಸ್ತಿಗೆ ತಕ್ಕದ್ದು. ಅದಕ್ಕೇ ತಡ.”

ಈ ಮಾತು ಸೀಸಕ್ಕೆ ಹಿಡಿಸಿತು. ಅಲ್ಲೇ ಗಟ್ಟಿಯಾಗಿ ಕೂತುಬಿಟ್ಟಿತು. ಹಿಂದೆ ಬಂದ ಅದರ ಅಣ್ಣತಮ್ಮಂದಿರೂ ಊಟದ ಸುದ್ದಿ ಕೇಳಿ ಸಾಲಾಗಿ ಕೂತರು. ಒಬ್ಬೊಬ್ಬರೂ ಪಕ್ಕದವನಿಗೆ ಸ್ವಲ್ಪ ಜರುಗು ಎಂದರು. ಯಾರೂ ಜರುಗಲಿಲ್ಲ.

ಬೇಸಿಗೆಯಲ್ಲಿ ಜಾಲಿಯ ಕಾಯಿಗಳು ಚೆನ್ನಾಗಿ ಬಲಿತು ಉದುರಿದವು. ಸೀಸದ ಬಳಗವೆಲ್ಲ ಬೇರಿನಲ್ಲೇ ಕೂತಿದೆ. ಊಟಕ್ಕೆ ಇನ್ನೂ ಕರೆದಿಲ್ಲ.