ಮುರಿದ ಪ್ಲಗ್ಗಿನ ಮೂರು ಒಗಟು

“ಮಹಾರಾಜರ ಕಾರಿನ ಎಂಜಿನ್ನಲ್ಲಿ ಮುರಿದು ಸಿಕ್ಕಿಕೊಂಡ ಸ್ಪಾರ್ಕ್ ಪ್ಲಗ್ ತೆಗೆಯಬಲ್ಲವರು ಬನ್ನಿ! ಮೊದಲು ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಬೇಡಿದ್ದು ಸಿಗುತ್ತದೆ, ಸೋತವರ ತಲೆ ಸಂಜೆಗೆ ಉರುಳುತ್ತದೆ!” ಎಂದು ಹೊಂಗೆಪುರದಲ್ಲಿ ಡಂಗುರ ಸಾರಿದರು.

ಎಳೆಯ ರಾಜಕುಮಾರಿಗೆ ಗಂಟಲು ಕಟ್ಟಿ ಉಸಿರು ಸಿಗುತ್ತಿರಲಿಲ್ಲ. ಔಷಧಿ ಇದ್ದದ್ದು ಘಟ್ಟದಾಚೆ. ಎತ್ತಿನ ಗಾಡಿಯಲ್ಲಿ ಹೋದರೆ ಮಗು ಉಳಿಯುವುದಿಲ್ಲ. ಇದ್ದ ಒಂದೇ ಕಾರು ಹೀಗೆ ಕೆಟ್ಟು ನಿಂತಿತ್ತು. ಇನ್ನೊಂದು ತಪ್ಪು ಕೈ ಬಿದ್ದರೆ ಎಂಜಿನ್ನೇ ಹಾಳೆಂದು, ಕೆಲಸ ಗೊತ್ತಿದ್ದರೂ ಕೈ ನಡುಗುವ ಮುದಿ ಮೇಸ್ತ್ರಿ ಈರಪ್ಪನೇ ಬಲ್ಲವರನ್ನು ಆರಿಸಲು ಒಗಟು ಕೇಳುತ್ತ ಕೂತಿದ್ದ.

“ಬಲ ಹಾಕಿದಷ್ಟೂ ಬಿಗಿಯುತ್ತದೆ, ಬಾಯಾರಿಕೆ ತೀರಿಸಿದರೆ ಬಿಡುತ್ತದೆ. ಏನದು?”

“ಹಗ್ಗದ ಗಂಟು” ಎಂದ ಕಮ್ಮಾರನನ್ನು ಎಳೆದೊಯ್ದರು. ಡ್ರೈವರ್ ಗುರುಶಾಂತ “ತುಕ್ಕು ಹಿಡಿದ ತಿರುಪು, ಎಣ್ಣೆ ಕುಡಿಸಬೇಕು” ಎಂದು ಗೆದ್ದ. ಆದರೆ “ಹೊರಗಿದ್ದರೆ ಕಸ, ಒಳಗೆ ಬಿದ್ದರೆ ಕೊಲೆಗಾರ” ಎಂಬ ಎರಡನೆಯದಕ್ಕೆ “ವಿಷ” ಎಂದುಬಿಟ್ಟ.

ಅಣ್ಣ ಗುರುಶಾಂತನ ಕೈಗೆ ಹಗ್ಗ ಬಿಗಿಯುವುದನ್ನು ಕಂಡು ಕೈಪಂಪು ರಿಪೇರಿಯ ಹಾಲೇಶನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. “ಅಜ್ಜಾ, ನನ್ನ ಕೇಳು!”

“ಬೇಡ ಕಣೋ ತಮ್ಮಾ, ಮನೆಗೆ ಹೋಗು!” ಗುರುಶಾಂತ ಕೂಗಿದ. ಹಾಲೇಶ ಕದಲಲಿಲ್ಲ. ಮೊದಲನೆಯದಕ್ಕೆ ಅಣ್ಣನ ಉತ್ತರವನ್ನೇ ಹೇಳಿದ.

“ಎರಡನೆಯದು ಪ್ಲಗ್ಗಿನ ಪಿಂಗಾಣಿ ಚೂರು. ಸಿಲಿಂಡರಿಗೆ ಬಿದ್ದರೆ ಎಂಜಿನ್ನನ್ನೇ ಕೊರೆಯುತ್ತದೆ.”

ಸರಿಯೆಂದು ಈರಪ್ಪ ಮೂರನೆಯದಕ್ಕೆ ಬಂದ. “ತಾನು ಒಳಗೆ ಹೋದಷ್ಟೂ ಇನ್ನೊಂದನ್ನು ಹೊರಗೆ ತರುತ್ತದೆ. ಏನದು?”

ಹಾಲೇಶ ಅಂಗಳದಲ್ಲಿದ್ದ ಕಾರಿನತ್ತ ನೋಡಿದ. ಅರಮನೆಯ ಒಳಗಿನಿಂದ ಮಗುವಿನ ಗೊರಗೊರ ಉಸಿರು ಕೇಳಿಸುತ್ತಿತ್ತು, ಅದೂ ತಡೆತಡೆದು. ರಾಜ ಬಾಗಿಲಿಗೆ ಹಣೆಯೊತ್ತಿ ನಿಂತಿದ್ದ. ಬೋರ್‌ವೆಲ್‌ನಲ್ಲಿ ಪೈಪು ಮುರಿದು ಉಳಿದರೆ ನಾನೇನು ಮಾಡುತ್ತೇನೆ? ಹೊರಗೆ ಹಿಡಿತವಿಲ್ಲ. ಒಳಗಿನಿಂದಲೇ ಹಿಡಿಯಬೇಕು...

“ಕಬ್ಬಿಣ ಉಜ್ಜುವ ಅರ! ಅದರ ಚೌಕನೆಯ ಚೂಪು ಬಾಲ! ಒಳಗೆ ಕಚ್ಚಿಕೊಂಡು ತುಂಡನ್ನು ತಿರುಗಿಸಿ ಹೊರಗೆ ತರುತ್ತದೆ.”

ಮುದುಕ ಅಳುತ್ತ ಹೌದೆಂದು ತಲೆಯಾಡಿಸಿದ.

ಹಾಲೇಶ ಪ್ಲಗ್ಗಿನ ತಿರುಪಿಗೆ ಎಣ್ಣೆ ಕುಡಿಸಿದ. ಕಡ್ಡಿಗೆ ಗ್ರೀಸು ಸವರಿ ಪಿಂಗಾಣಿ ಚೂರುಗಳನ್ನು ಅಂಟಿಸಿ ತೆಗೆದ. ಉಳಿದ ಪೊಳ್ಳು ಲೋಹದೊಳಗೆ ಅರದ ಬಾಲ ಬಡಿದು ಕೂರಿಸಿ ಎಡಕ್ಕೆ ತಿರುಗಿಸಿದ. ಅಲುಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ಪೆಟ್ಟು. ಕೊನೆಗೆ ಕಿರ್ರೆಂದು ಸುತ್ತಿ ತುಂಡು ಅಂಗೈಗೆ ಬಂತು. ತೂತು ತೆರೆದಿಟ್ಟೇ ಕಾರಿನ ಮುಂದಿನ ಹ್ಯಾಂಡಲ್ ಸುತ್ತಿ, ಎಂಜಿನ್ನಿನ ಗಾಳಿಯಿಂದಲೇ ಉಳಿದ ಪುಡಿ ಹಾರಿಸಿ, ಹೊಸ ಪ್ಲಗ್ ಹಾಕಿದ.

“ಏನು ಬೇಕೋ ಕೇಳು” ಎಂದ ರಾಜ.

“ಬುದ್ಧೀ, ಕಟ್ಟಿರುವ ಇಬ್ಬರನ್ನೂ ಬಿಡಿ. ಕಾರು ಓಡಿಸೋಕೆ ಅಣ್ಣ ಬೇಕು.”

ಔಷಧಿ ಕುಡಿಸಿಕೊಂಡು ಕಾರು ಘಟ್ಟದಾಚೆಯಿಂದ ಮರಳಿದಾಗ, ಉಸಿರು ಸಲೀಸಾದ ಮಗು ಗಂಟಲು ಬಿರಿಯುವಂತೆ ಅಳುತ್ತಿತ್ತು. ಆ ಅಳು ಕೇಳಿ ಊರೇ ಕೈಮುಗಿಯಿತು. ಹಾಲೇಶನಿಗೆ ರಾಜ ಹೊಲಮನೆಯನ್ನೂ ಮೇಸ್ತ್ರಿ ಪದವಿಯನ್ನೂ ಕೊಟ್ಟ. ತಲೆ ತೆಗೆಸುವ ಡಂಗುರ ಅಲ್ಲಿ ಮತ್ತೆ ಕೇಳಿಸಲಿಲ್ಲ.