ಗಾಯವಿಲ್ಲದ ಕೂಗು

ಕರುಳಿನ ಗೋಡೆಯಲ್ಲಿ ಹುಟ್ಟಿದ್ದ ಕ್ಯಾನ್ಸರ್ ಗಡ್ಡೆಯೊಂದು "ಗಾಯ, ಗಾಯ!" ಎಂದು ಬೊಬ್ಬೆ ಹಾಕಿತು. ಗಾಯವೆಂದರೆ ಹೊಸ ಕವಲು ಚಾಚಿ ಓಡುವುದೇ ರಕ್ತನಾಳದ ಪದ್ಧತಿ. ಪಕ್ಕದ ರಕ್ತನಾಳವೊಂದು ಓಡಿಬಂದು ನೋಡಿದರೆ ಗಾಯವೇ ಇಲ್ಲ. ಗಡ್ಡೆಯ ಕೆಳಗೆ ನೆರೆಯ ಜೀವಕೋಶಗಳು ನಜ್ಜುಗುಜ್ಜಾಗಿದ್ದವು.

"ಬಾ ಅಕ್ಕಾ, ಹಸಿವು. ಊಟ ಹಾಕು" ಎಂದಿತು ಗಡ್ಡೆ.

"ಪಕ್ಕದವರ ಮೈ ತಾಗಿದರೆ ಬೆಳೆಯೋದು ನಿಲ್ಲಿಸಬೇಕು ಅಂತ ನಿನಗೆ ಯಾರೂ ಹೇಳಲಿಲ್ವಾ?"

"ನಿಲ್ಲೋರು ಹೇಡಿಗಳು! ನೀನು ದಾರಿ ಕೊಡು, ನನ್ನ ಮಕ್ಕಳು ಲಿವರ್‌ನಲ್ಲೂ ಮನೆ ಮಾಡ್ತಾರೆ. ಕೊಡದಿದ್ದರೆ ನಾನು ಸಾಯ್ತೀನಿ."

"ನೀನು ಬದುಕಿದರೆ ಈ ಮೈಯೇ ಸಾಯುತ್ತೆ. ಆಮೇಲೆ ಎಲ್ಲಿ ಸಂಸಾರ ಹೂಡ್ತೀಯ, ಮಂಕೇ?"

ಗಡ್ಡೆ ಇನ್ನೂ ಜೋರಾಗಿ ಅರಚಿತು. ರಕ್ತನಾಳ ಚಾಚಿದ್ದ ಕವಲನ್ನು ಹಿಂದಕ್ಕೆಳೆದುಕೊಂಡಿತು.

"ಗಂಟಲು ಹರಿಯೋ ಹಾಗೆ ಕೂಗು. ಒಂದು ತೊಟ್ಟೂ ಕೊಡಲ್ಲ."