ಎತ್ತಿದ ಕೈ ನಿಂತರೆ ಮೋಸ

"ಚೆಂಡಾಟದ ನಿಯಮ ನನಗೆ ತಿಳಿದಷ್ಟು ಆ ಚೆಂಡಿಗೂ ತಿಳಿದಿಲ್ಲ!" ಎಂದು ದೊರೆ ಚಂಗರಾಯ ಮೀಸೆ ತಿರುವಿದ.

ಆಸ್ಥಾನವೆಲ್ಲ ತಲೆಯಾಡಿಸಿತು. ವಿದೂಷಕ ತಿಪ್ಪರಸನೂ ಆಡಿಸಿದ. ಅರಮನೆಯ ಅನ್ನ ತಿನ್ನುವ ತಲೆ, ಆಡದೆ ಏನು ಮಾಡೀತು?

ಅಂದು ಅರಮನೆಯವರಿಗೂ ಕುಂಬಾರಕೇರಿಯವರಿಗೂ ಆಟ. ಆಡುವುದೂ ಕುಂಬಾರರು ಮಡಕೆ ಒಣಗಿಸುವ ಬಯಲಲ್ಲೇ, ಪಣವೂ ಅದೇ ಬಯಲು. ದೊರೆಯ ಭಾವಮೈದುನ ಸಿಂಗರಸನಿಗೆ ಅಲ್ಲಿ ಹೂದೋಟ ಮಾಡುವ ಆಸೆ. ಬಯಲು ಹೋದರೆ ಕುಂಬಾರರು ಹಸಿ ಮಡಕೆಗಳನ್ನು ತಮ್ಮ ತಲೆಯ ಮೇಲೆ ಒಣಗಿಸಿಕೊಳ್ಳಬೇಕಿತ್ತು. ಪಾಪ, ಹೂವಿಗಾಗಿ ಅಷ್ಟೂ ಮಾಡಬಾರದೇ?

ಹೆಚ್ಚು ಗೆರೆ ದಾಟಿದವರಿಗೆ ಗೆಲುವು. ಆಟದಲ್ಲಿ ಒಂದು ನಿಯಮ ಬಲು ಬಿಗಿ. ಚೆಂಡೆಸೆಯಲು ಎತ್ತಿದ ಕೈಯನ್ನು ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ಓಟಗಾರನನ್ನು ಏಮಾರಿಸಿದಂತೆ. ಆಗ ಎದುರಾಳಿ ಸುಮ್ಮನೆ ನಡೆದು ಒಂದು ಗೆರೆ ದಾಟಬಹುದು.

ಎರಡು ಕಡೆಯವರೂ ಸರಿಸಮ ಗೆರೆ ದಾಟಿದ್ದರು. ಕುಂಬಾರ ಹೊನ್ನಗ ಕೊನೆಯ ಚೆಂಡಿಗೆ ಕೈ ಎತ್ತಿದ. ಓಡಲು ನಿಂತಿದ್ದ ಸಿಂಗರಸ "ಆಕ್ಷೀ!" ಎಂದು ಸೀನಿದ. ಅಪಶಕುನವೆಂದು ಹೊನ್ನಗನ ಕೈ ನಡುವೆಯೇ ನಿಂತಿತು.

"ಮೋಸ!" ದೊರೆ ಎದ್ದು ನಿಂತ. "ಕೈ ನಿಂತಿತು! ಅರಮನೆಗೆ ಒಂದು ಗೆರೆ, ಬಯಲೂ ನಮ್ಮದೇ!"

"ಬುದ್ಧೀ, ಅವರು ಸೀನಿದ್ದಕ್ಕೆ..." ಎಂದ ಹೊನ್ನಗ.

"ಸೀನಿದ್ದು ಯಾರು ಅಂತ ನಿಯಮ ಕೇಳುವುದಿಲ್ಲ ಕಣೋ. ಯಾರ ಕೈ ನಿಂತಿತು, ಅಷ್ಟೇ. ಇದಕ್ಕೆ ದೊರೆಯೂ ಒಂದೇ, ಕುಂಬಾರನೂ ಒಂದೇ!"

ಹೊನ್ನಗನ ಮುಖ ನೋಡಿ ತಿಪ್ಪರಸನ ಕರುಳು ಚುರುಕ್ ಎಂದಿತು. ಆದರೂ ಬಾಯಿ ಮಾತ್ರ ಹೊಗಳಿತು: "ಆಹಾ, ಎಂಥ ತೀರ್ಪು! ಈ ಬಯಲಲ್ಲಿ ಎಲ್ಲರ ಕೈಗೂ ಇದೇ ನಿಯಮ ಅಂತ ಡಂಗುರ ಹೊಡೆಸಿಬಿಡಿ, ಪ್ರಭು."

ಹೊಗಳಿಕೆಗೆ ಉಬ್ಬಿದ ದೊರೆ ಹೊಡೆಸಿಯೇಬಿಟ್ಟ.

ಬಯಲನ್ನು ಅಲ್ಲಿಯೇ ಭಾವಮೈದುನನಿಗೆ ಧಾರೆ ಎರೆದು ಕೊಡಲು ಗಿಂಡಿ ಬಂತು. ಸಿಂಗರಸ ಬೊಗಸೆಯೊಡ್ಡಿದ. ದೊರೆ ಗಿಂಡಿ ಎತ್ತಿ ಬಾಗಿಸಿದ. ಇನ್ನೇನು ನೀರು ಬೀಳಬೇಕು, ತಿಪ್ಪರಸ ಒಂದು ಚಿಟಿಕೆ ನಶ್ಯ ಏರಿಸಿ ಕೋಟೆಯೇ ಅದುರುವಂತೆ ಸೀನಿದ.

ಪುರೋಹಿತರು "ಶಿವ ಶಿವಾ!" ಎಂದರು. ದೊರೆಯ ಕೈ ಥಟ್ಟನೆ ನಿಂತಿತು.

"ಮೋಸ!" ತಿಪ್ಪರಸ ಕುಣಿದ. "ಎತ್ತಿದ ಕೈ ನಿಂತಿತು! ಹೊನ್ನಗ, ಒಂದು ಗೆರೆ ದಾಟಪ್ಪ. ಈಗ ಆಟ ಸಮ. ಬಯಲು ಯಾರದಿತ್ತೋ ಅವರದೇ."

"ಏಯ್, ಬೇಕಂತಲೇ ಸೀನಿದ್ದು ನೀನು!"

"ಸೀನಿದ್ದು ಯಾರು ಅಂತ ನಿಯಮ ಕೇಳುವುದಿಲ್ಲವಂತೆ, ಪ್ರಭು. ಬೇಡವೆಂದರೆ ತೀರ್ಪು ಹಿಂದಕ್ಕೆ ತೆಗೆದುಕೊಳ್ಳಿ. ಆಗ ಹೊನ್ನಗನ ಕೈ ನಿಂತದ್ದೂ ಮೋಸವಲ್ಲ. ಆಗಲೂ ಆಟ ಸಮವೇ!"

ಸಿಂಗರಸ ಬರಿಯ ಬೊಗಸೆ ನೋಡಿಕೊಂಡ. ಹೊನ್ನಗ ಅಳುತ್ತಲೇ ನಕ್ಕ. ಕೊನೆಗೆ ದೊರೆಯೂ ಹೊಟ್ಟೆ ಹಿಡಿದು ನಕ್ಕು, ಉಂಗುರ ಬಿಚ್ಚಿ ತಿಪ್ಪರಸನತ್ತ ಎಸೆಯಲು ಕೈ ಎತ್ತಿದ. ಅಷ್ಟರಲ್ಲಿ ಅದು ಪಚ್ಚೆಯ ಉಂಗುರವೆಂದು ನೆನಪಾಗಿ ಕೈ ಅರ್ಧಕ್ಕೇ ನಿಂತಿತು.

"ಪ್ರಭು," ಎಂದ ತಿಪ್ಪರಸ ಮೆತ್ತಗೆ, "ನಾನಿನ್ನೂ ಸೀನಿಯೇ ಇಲ್ಲವಲ್ಲ!"